ಬಲಗಡೆ ಸೀಟಿನ ಮಾತು

ಹೌನ್ಸ್ಲೋ, ಲಂಡನ್
2 ಮಾರ್ಚ್ 1997

ಪ್ರೀತಿಯ ಅಕ್ಕ,

ನಿನ್ನ ಮಗ ಸುಖವಾಗಿ ಬಂದು ಸೇರಿದ. ಹೀಥ್ರೋದಲ್ಲಿ ಅವನನ್ನು ಕಂಡಾಗ ಒಂದು ಕ್ಷಣ ನಮ್ಮ ಲಾರೆನ್ಸ್ ಭಾವನೇ ಎದ್ದು ಬಂದರೋ ಎನ್ನಿಸಿತು. ಅದೇ ನಡಿಗೆ, ಅದೇ ಕಿವಿ. ನೀನು ಕಟ್ಟಿಕೊಟ್ಟ ಉಪ್ಪಿನಕಾಯಿ ಅವನ ಮೂರು ಬಿಳಿ ಅಂಗಿಗಳಿಗೂ ಸೋರಿ ಹಂಚಿಕೆಯಾಗಿದೆ. ಜೋಯ್ಲಿನ್ ಎರಡು ದಿನದಿಂದ ಒಗೆಯುತ್ತಿದ್ದಾಳೆ, ಗಂಡನ ಮನೆಯವರನ್ನು ಬೈಯುತ್ತಿಲ್ಲ. ಮಹಡಿಯ ಚಿಕ್ಕ ಕೋಣೆ ಅವನಿಗೆ ಬಿಟ್ಟಿದ್ದೇವೆ. ತಲೆಯ ಮೇಲೆಯೇ ವಿಮಾನಗಳು ಇಳಿಯುವ ಬೀದಿ ಇದು, ಆದರೂ ಹುಡುಗ ಮಗುವಿನಂತೆ ನಿದ್ದೆ ಮಾಡುತ್ತಾನೆ.

ನೀನು ಇಗರ್ಜಿಯಲ್ಲಿ ಎಲ್ಲರಿಗೂ ನನ್ನನ್ನು 'ವಿಮಾನ ಓಡಿಸುವವರ ಮಾಸ್ತರ' ಎಂದು ಹೇಳುತ್ತೀಯಂತೆ. ಅದು ಸರಿಯೇ. ತಿಂಗಳಲ್ಲಿ ಅರ್ಧದಷ್ಟು ದಿನ ನಾನೇ ವಿಮಾನ ಹಾರಿಸುತ್ತೇನೆ, ಉಳಿದರ್ಧ ಸಿಮ್ಯುಲೇಟರಿನಲ್ಲಿ ಕಲಿಸುತ್ತೇನೆ. ಸಿಮ್ಯುಲೇಟರ್ ಎಂದರೆ ನೆಲ ಬಿಟ್ಟು ಏಳದ ವಿಮಾನ. ಪೈಲಟ್‌ಗಳು ಕೂರುವ ಕೋಣೆ ಮಾತ್ರ ಇರುತ್ತದೆ, ಅದು ಕಬ್ಬಿಣದ ಕಾಲುಗಳ ಮೇಲೆ ನಿಂತು ಅಲುಗಾಡುತ್ತದೆ, ಕಿಟಕಿಯಲ್ಲಿ ಚಿತ್ರದ ಆಕಾಶ. ಅಲ್ಲಿ ಎಷ್ಟು ಸಲ ಬಿದ್ದರೂ ಯಾರೂ ಸಾಯುವುದಿಲ್ಲ.

ನಾವು ಕೆಲವರು ಸೇರಿ ಈಗ ತರಬೇತಿಯ ಮಟ್ಟ ಏರಿಸಲು ಹೊರಟಿದ್ದೇವೆ. ಇಷ್ಟು ವರ್ಷ ಪೈಲಟ್‌ನ ಕೈ ಹೇಗಿದೆ ಎಂದು ಮಾತ್ರ ನೋಡುತ್ತಿದ್ದರು. ಆದರೆ ಎಡಗಡೆ ಕೂತ ಕ್ಯಾಪ್ಟನ್ ತಪ್ಪಿದ್ದು ಬಲಗಡೆ ಕೂತ ಸಹ-ಪೈಲಟ್‌ಗೆ ಗೊತ್ತಿದ್ದೂ ಬಾಯಿ ಬಿಡದೆ ಎಷ್ಟೋ ಒಳ್ಳೆಯ ವಿಮಾನಗಳು ಗುಡ್ಡಕ್ಕೆ ಬಡಿದಿವೆ. ಇನ್ನು ಮೇಲೆ ಬಾಯಿಯನ್ನೂ ಪರೀಕ್ಷಿಸಬೇಕು, ಅದರಲ್ಲಿ ಸೋತವರನ್ನು ಮುಂದೆ ಬಿಡಬಾರದು ಎಂಬುದು ನನ್ನ ಹಟ. ಹಳೆಯ ಕ್ಯಾಪ್ಟನ್‌ಗಳಿಗೆ ನನ್ನ ಮೇಲೆ ಸಿಟ್ಟು. ಇರಲಿ.

ಲಿಯೋನ್ ಸೇರಿರುವುದೂ ನಮ್ಮ ಕಂಪನಿಯ ಇದೇ ತರಬೇತಿಗೆ, ಹಾಗಾಗಿ ಅವನು ನನ್ನ ಅಕ್ಕನ ಮಗ ಎಂದು ಮೇಲಿನವರಿಗೆ ಮೊದಲೇ ತಿಳಿಸಿದ್ದೇನೆ. ಕೊನೆಯ ಪರೀಕ್ಷೆ ಬೇರೆಯವರು ಮಾಡುತ್ತಾರೆ. ಅಲ್ಲಿಯವರೆಗೆ ಕಲಿಸುವುದು, 'ಪರೀಕ್ಷೆಗೆ ಸಿದ್ಧ' ಎಂದು ವರದಿ ಬರೆಯುವುದು ನನ್ನ ಪಾಲಿನದು.

ಸಂಜೆ ತೇರ್ಸ್ ಪ್ರಾರ್ಥನೆ ಮುಗಿದೊಡನೆ ಅವನು ಕೈಮುಗಿದು 'ಬೆಸಾಂವ್ ದೀ ಮಾಮ್' ಎಂದು ಆಶೀರ್ವಾದ ಕೇಳುತ್ತಾನೆ. ಇಲ್ಲಿ ಹುಟ್ಟಿದ ನನ್ನ ಮಿಶೆಲ್‌ಗೆ ಅದನ್ನು ಕಲಿಸಿ ಕಲಿಸಿ ನಾನು ಸೋತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು ನಗುತ್ತಾಳೆ. ನನಗೆ ಮಾತ್ರ ಕಣ್ಣು ತುಂಬುತ್ತದೆ.

ನಿನ್ನ ತಮ್ಮ,
ಕ್ಯಾಜಿಟನ್


ಕಲ್ಯಾಣಪುರ
18 ಮಾರ್ಚ್ 1997

ಪ್ರೀತಿಯ ಕ್ಯಾಜಿಟನ್,

ನಿನ್ನ ಪತ್ರ ತಲುಪಿತು. ಮನೆಯಲ್ಲಿ ಕೊಂಕಣಿ ಆಡಿದರೂ ಬರೆಯುವುದು ಕನ್ನಡದಲ್ಲೇ ಎಂಬ ನನ್ನ ನಿಯಮವನ್ನು ಇಷ್ಟು ವರ್ಷವೂ ಪಾಲಿಸಿದ್ದೀಯ, ಸಂತೋಷ. ಕಾಗುಣಿತ ಮಾತ್ರ ಹಾಳಾಗುತ್ತಿದೆ. ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಪತ್ರವನ್ನು ಇದರೊಂದಿಗೆ ವಾಪಸ್ಸು ಕಳಿಸಿದ್ದೇನೆ. ಹೆಡ್ ಟೀಚರಿನ ತಮ್ಮ ಎಂದು ಹೇಳಿಕೊಳ್ಳಲು ನಿನಗೆ ಮುಖ ಬೇಡವೇ?

ಲಿಯೋನ್ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಅವನ ಅಪ್ಪ ತೀರಿಕೊಂಡ ದಿನದಿಂದ ಅವನು ನನಗೆ ಒಂದೇ ಒಂದು ಸಲ ಎದುರು ಮಾತಾಡಿದವನಲ್ಲ. ಮೊನ್ನೆ ಫೋನಿನಲ್ಲೂ ಹೇಳಿದ್ದೇನೆ, ಮಾಮ್ ಹೇಳಿದ್ದೇ ವೇದವಾಕ್ಯ, ಅವರ ಮಾತಿಗೆ ಎರಡು ಮಾತು ಇರಬಾರದು ಎಂದು. ನೀನು ಹಿಡಿದು ತಿದ್ದಿದರೆ ಅವನು ತಿದ್ದಿದ ಹಾಗೆ ಆಗುತ್ತಾನೆ. ಅಷ್ಟು ಮೆದು ಮಗು.

ಇಗರ್ಜಿಯ ಮೆಟ್ಟಿಲ ಮೇಲೆ ದಿನಾ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, ಲಿಯೋನ್ ಭುಜಕ್ಕೆ ಪೈಲಟ್‌ನ ಪಟ್ಟಿ ಯಾವಾಗ ಎಂದು. ಏಪ್ರಿಲ್ ಕೊನೆಯಲ್ಲಿ ಎಂದು ನಾನೇ ಹೇಳಿಬಿಟ್ಟಿದ್ದೇನೆ. ಮೇ ಮೊದಲ ಭಾನುವಾರಕ್ಕೆ ಕೃತಜ್ಞತೆಯ ಪೂಜೆಗೂ ಫಾದರಿಗೆ ತಿಳಿಸಿದ್ದೇನೆ. ನೀನಿರುವಾಗ ಇದರಲ್ಲಿ ಯೋಚಿಸುವುದಕ್ಕೆ ಏನಿದೆ?

ನಿನ್ನ ಅಕ್ಕ,
ಎಮಿಲ್ಡಾ


ಹೌನ್ಸ್ಲೋ
16 ಏಪ್ರಿಲ್ 1997

ಪ್ರೀತಿಯ ಅಕ್ಕ,

ಎಲ್ಲರೂ ಕ್ಷೇಮ. ಇಲ್ಲಿ ಚಳಿ ಇಳಿದಿದೆ. ಸೌತಾಲ್ ಪೇಟೆಯಲ್ಲಿ ಬಂಗುಡೆ ಸಿಕ್ಕಿತೆಂದು ಜೋಯ್ಲಿನ್ ಹಬ್ಬದ ಅಡಿಗೆ ಮಾಡಿದಳು.

ಲಿಯೋನ್‌ನ ಕೊನೆಯ ಪರೀಕ್ಷೆ ಸ್ವಲ್ಪ ಮುಂದಕ್ಕೆ ಹೋಗಬಹುದು. ಇನ್ನಷ್ಟು ಅಭ್ಯಾಸ ಬೇಕು. ಇದು ಇಲ್ಲಿ ಮಾಮೂಲು, ಗಾಬರಿಯಾಗಬೇಡ. ಪೂಜೆಯನ್ನು ಸದ್ಯಕ್ಕೆ ನಿಲ್ಲಿಸಿದರೆ ಒಳ್ಳೆಯದು.

ಮಿಶೆಲ್ ನಿನಗೆ ಮುತ್ತು ಕಳಿಸಿದ್ದಾಳೆ.

ಕ್ಯಾಜಿಟನ್


ಕಲ್ಯಾಣಪುರ
5 ಮೇ 1997

ಕ್ಯಾಜಿಟನ್,

ನಿನ್ನೆ ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರ ಎದುರು ನನಗೆ ಸುದ್ದಿ ಸಿಕ್ಕಿತು. ಅಲ್ಲಿ ಲಂಡನ್ನಿನ ಹೇಸ್‌ನಲ್ಲಿರುವ ನಮ್ಮೂರ ಕ್ಲೈವ್ ಇದ್ದಾನಲ್ಲ, ಅವನ ತಾಯಿ ಬಂದು ನನ್ನ ಕೈ ಹಿಡಿದು, 'ಪಾಪ ಟೀಚರ್, ಸ್ವಂತ ಮಾಮನೇ ಬೇಡ ಅಂತ ಬರ್ದ್ರಂತಲ್ಲ' ಎಂದಳು. ಸಾಂತ್ವನ ಹೇಳುತ್ತಿದ್ದಾಳೋ ಸಂತೋಷಪಡುತ್ತಿದ್ದಾಳೋ ಅವಳ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ. ನೀನು ನನಗೆ ಬಂಗುಡೆಯ ಕಥೆ ಬರೆದಿದ್ದೀಯ.

ಅಮ್ಮ ಹೋದಾಗ ನಿನಗೆ ಆರು ವರ್ಷ. ನಿನ್ನ ತಲೆ ಬಾಚಿದ ಕೈ ಇದು. ಬಾಯಿಬಿಟ್ಟು ನಾನು ನಿನ್ನಲ್ಲಿ ಏನನ್ನೂ ಕೇಳಿದವಳಲ್ಲ. ಕೇಳುವ ಮೊದಲೇ ನೀನು ಮಾಡುತ್ತೀ ಎಂದು ತಿಳಿದಿದ್ದೆ, ಅಷ್ಟೇ.

ನನಗೆ ಅರ್ಥವಾಗುತ್ತದೆ. ಹೊಸ ನಿಯಮ ತಂದವನು ನೀನು. ಬಿಳಿಯರ ಮುಂದೆ ನೀನು ಎಂಥ ನ್ಯಾಯವಂತ ಎಂದು ತೋರಿಸಿಕೊಳ್ಳಬೇಕು. ಅದಕ್ಕೆ ನನ್ನ ಮಗನೇ ಬೇಕಾಗಿದ್ದನೇ? ಬೇರೆ ಯಾರ ಮಕ್ಕಳೂ ಸಿಗಲಿಲ್ಲವೇ?

ಲಿಯೋನ್‌ಗೆ ಫೋನು ಮಾಡಿದರೆ 'ಮಾಮ್ ಬರ್ದದ್ದು ಸರಿಯಾಗಿಯೇ ಉಂಟು' ಎನ್ನುತ್ತಾನೆ. ಅವನು ಹಾಗೆಯೇ ಹೇಳುವವನು. ಹೊಡೆದವರ ಕೈ ನೋವಾಯಿತೇ ಎಂದು ಕೇಳುವ ಮಗು ಅದು.

ಆ ವರದಿ ಬದಲಾಯಿಸು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಎಮಿಲ್ಡಾ


ಹೌನ್ಸ್ಲೋ
20 ಮೇ 1997

ಪ್ರೀತಿಯ ಅಕ್ಕ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ. ನಿನ್ನ ಮಾತು ಮೀರುವುದು ಇದೇ ಮೊದಲ ಸಲ. ಐವತ್ತು ವರ್ಷದ ಗಂಡಸು, ಮುನ್ನೂರು ಜನರನ್ನು ಹೊತ್ತು ಸಮುದ್ರ ದಾಟುವವನು ಅಕ್ಕನಿಗೆ ಹೆದರುತ್ತಾನೆ ಎಂದರೆ ಇಲ್ಲಿ ಯಾರೂ ನಂಬಲಾರರು.

ಮುಚ್ಚಿಟ್ಟದ್ದು ತಪ್ಪು. ನಡೆದದ್ದನ್ನು ಹೇಳುತ್ತೇನೆ, ಓದಿ ಮುಗಿಸಿದ ಮೇಲೆ ಬೈಯಿ.

ನಿನ್ನ ಮಗನ ಕೈ ಬಂಗಾರದ್ದು. ಒಂದು ಎಂಜಿನ್ ನಿಲ್ಲಿಸಿ ಅಡ್ಡಗಾಳಿಯಲ್ಲಿ ಇಳಿಸು ಎಂದರೆ, ಇಪ್ಪತ್ತು ವರ್ಷ ಹಾರಿಸಿದವರಿಗಿಂತ ಚೆನ್ನಾಗಿ ಇಳಿಸಿದ. ಕೈ ಒಂದನ್ನೇ ನೋಡುವುದಾಗಿದ್ದರೆ ಅಂದೇ ಸಹಿ ಹಾಕುತ್ತಿದ್ದೆ.

ಅಭ್ಯಾಸದ ಕೊನೆಯ ವಾರ ಒಂದು ದಿನ ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ನಾನೇ ಕೂತೆ. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಅವನು ಕೈಮುಗಿದು ಬೆಸಾಂವ್ ಕೇಳಿದ. ನಾನು ತಲೆಯ ಮೇಲೆ ಕೈಯಿಟ್ಟು ಕೊಟ್ಟೆ. ಸುತ್ತ ಗುಡ್ಡಗಳಿರುವ ಒಂದು ನಿಲ್ದಾಣಕ್ಕೆ ಇಳಿಯುವ ಪಾಠ ಅದು, ಹೊರಗೆಲ್ಲ ಮೋಡ. ರೇಡಿಯೋದಲ್ಲಿ ಐದು ಸಾವಿರ ಅಡಿಗೆ ಇಳಿಯಿರಿ ಎಂದರು. ಎತ್ತರದ ಅಂಕಿಯನ್ನು ನಾನು ಬೇಕೆಂದೇ ನಾಲ್ಕು ಸಾವಿರಕ್ಕೆ ಇಟ್ಟೆ. ಇದು ಎಲ್ಲರಿಗೂ ನಾನು ಒಡ್ಡುವ ಪರೀಕ್ಷೆ. ಬಲಗಡೆ ಕೂತವನು ಮೊದಲು ಕೇಳಬೇಕು, 'ಕ್ಯಾಪ್ಟನ್, ಐದು ಅಲ್ಲವೇ' ಎಂದು. ನಾನು ಒಪ್ಪದಿದ್ದರೆ ಗಟ್ಟಿಯಾಗಿ ಹೇಳಬೇಕು, 'ತಪ್ಪು, ಐದು' ಎಂದು. ಆಗಲೂ ಬಗ್ಗದಿದ್ದರೆ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಕೇಳು, ಹೇಳು, ಕೈಗೆ ತಗೋ. ಇಷ್ಟೇ ಪಾಠ.

ಲಿಯೋನ್ ಅಂಕಿ ನೋಡಿದ. ನನ್ನ ಮುಖ ನೋಡಿದ. ಮತ್ತೆ ಅಂಕಿ ನೋಡಿದ. ಅವನ ಬೆರಳು ಅಂಕಿ ಬದಲಿಸುವ ಗುಂಡಿಯ ಹತ್ತಿರದವರೆಗೆ ಹೋಗಿ ವಾಪಸ್ಸು ಬಂತು. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟು ಕೂತ, ಇಗರ್ಜಿಯಲ್ಲಿ ಕೂತ ಹಾಗೆ. ಗುಡ್ಡ ಬಂತು. ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಪರದೆ ಕಪ್ಪಾಯಿತು.

ನಾನು ಕೇಳಿದೆ, ನೋಡಲಿಲ್ಲವೇ ಎಂದು. ಅವನು ಹೇಳಿದ: 'ನೋಡಿದ್ದೆ ಮಾಮ್. ಮತ್ತೆ ನೀವು ಎಂತದೋ ಆಲೋಚನೆ ಮಾಡಿಯೇ ಇಟ್ಟದ್ದು ಅಂತ ಎಣಿಸಿದೆ.'

ಮರುದಿನ ಬೇರೆ ಕ್ಯಾಪ್ಟನ್ ಜೊತೆ ಕೂರಿಸಿದೆ, ನಾನು ಪಕ್ಕದಲ್ಲಿದ್ದದ್ದೇ ಕಾರಣವಾಗಿರಲಿ ಎಂದು ಆಸೆಪಟ್ಟು. ಆತ ನರೆತ ಕೂದಲಿನ ಇಂಗ್ಲಿಷಿನವನು. ಅಲ್ಲೂ ಹೀಗೆಯೇ ಆಯಿತು.

ಅಕ್ಕ, ನಮ್ಮ ಮನೆಯಲ್ಲಿ ನಿನಗೆ ಯಾರು ಎದುರಾಡಿದ್ದಾರೆ? ನಾನು ಆಡಲಿಲ್ಲ, ಲಾರೆನ್ಸ್ ಭಾವ ಆಡಲಿಲ್ಲ. ನೀನು ನಮ್ಮನ್ನು ಪ್ರೀತಿಯಿಂದಲೇ ಸಾಕಿದೆ. ಆದರೆ ದೊಡ್ಡವರು ತಪ್ಪಿದಾಗ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ. ನಾನು ಅದನ್ನು ಇಲ್ಲಿ ಬಂದು, ಒಮ್ಮೆ ನಿಜವಾದ ಮೋಡದೊಳಗೆ ಬೆವರಿ ಕಲಿತೆ. ಅವನು ಹಾಗೆ ಕಲಿಯುವುದು ಬೇಡ, ಅವನ ಹಿಂದೆ ಕೂತ ಜನ ಅದಕ್ಕೆ ಬಲಿಯಾಗುವುದು ಬೇಡ.

ನೀನು ತಪ್ಪು ತಿಳಿದಿದ್ದೀ ಅಕ್ಕ. ಬಿಳಿಯರಿಗೆ ತೋರಿಸಲು ನಾನು ಇದನ್ನು ಮಾಡಲಿಲ್ಲ. ವರದಿ ಬದಲಾಯಿಸುವುದಿಲ್ಲ. ಆರು ತಿಂಗಳ ನಂತರ ಅವನಿಗೆ ಇನ್ನೊಂದು ಅವಕಾಶವಿದೆ, ಅದು ಕೊನೆಯದು. ಅದರಲ್ಲೂ ಸೋತರೆ ಇಲ್ಲಿ ಅವನಿಗೆ ದಾರಿ ಮುಚ್ಚಿತು. ನಾನು ಎಷ್ಟು ಹೇಳಿದರೂ ಅವನು 'ಆಯ್ತು ಮಾಮ್' ಎನ್ನುತ್ತಾನೆ. ಎದುರು ಮಾತಾಡು ಎಂದರೆ ಅದಕ್ಕೂ 'ಆಯ್ತು ಮಾಮ್'. ಇದು ನನ್ನಿಂದ ಆಗದ ಪಾಠ. ನಿನ್ನಿಂದ ಆಗಬಹುದು.

ಕ್ಯಾಜಿಟನ್


ಕಲ್ಯಾಣಪುರ
9 ಆಗಸ್ಟ್ 1997

ಪ್ರೀತಿಯ ಕ್ಯಾಜಿಟನ್,

ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಮೊದಲ ಸಲ ಓದಿ ಕಪಾಟಿನೊಳಗೆ ಎಸೆದೆ. ನನ್ನ ಮನೆಯ ಮೇಲೆ, ನಾನು ಸಾಕಿದ ರೀತಿಯ ಮೇಲೆ ನೀನು ತೀರ್ಪು ಕೊಟ್ಟಿದ್ದೀ ಎಂದು ಮೈಯೆಲ್ಲ ಉರಿಯಿತು. ತಪ್ಪುಗಳಿಗೆ ಕೆಂಪು ಶಾಯಿ ಹಾಕುವ ಮನಸ್ಸೂ ಬರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಎಂಟನೇ ತರಗತಿಗೆ ಭೂಗೋಳ ನನ್ನದೇ. ಒಂದು ದಿನ, ನೀನು ಬರೆದದ್ದು ಸುಳ್ಳು ಎಂದು ತೋರಿಸಲೆಂದೇ ಒಂದು ಕೆಲಸ ಮಾಡಿದೆ. ಕರಿಹಲಗೆಯ ಮೇಲೆ ನಮ್ಮ ಜಿಲ್ಲೆಯ ನಕಾಶೆ ಬರೆದೆ. ಪೂರ್ವಕ್ಕೆ ಅರಬ್ಬೀ ಸಮುದ್ರ ಬರೆದೆ. ಪಶ್ಚಿಮಕ್ಕೆ ಘಟ್ಟ ಬರೆದೆ. ಬರೆದುಕೊಳ್ಳಿ ಎಂದು ಹೇಳಿ ಕೂತೆ.

ಕ್ಯಾಜಿಟನ್, ಆ ಕೋಣೆಯ ಪಶ್ಚಿಮದ ಕಿಟಕಿ ತೆರೆದಿತ್ತು. ಮಳೆಗಾಲದ ಸಮುದ್ರ ಅಲ್ಲಿಯವರೆಗೆ ಕೇಳಿಸುತ್ತಿತ್ತು. ಕೂತವರಲ್ಲಿ ಅರ್ಧ ಜನ ಮೀನುಗಾರರ ಮಕ್ಕಳು, ನಡೆಯಲು ಬರುವ ಮೊದಲೇ ಆ ನೀರಿನಲ್ಲಿ ಬಿದ್ದೆದ್ದವರು. ಅವರೆಲ್ಲ ತಲೆ ತಗ್ಗಿಸಿ ಸಮುದ್ರವನ್ನು ಪೂರ್ವಕ್ಕೆ ಬರೆದು, ನೀಲಿ ಬಣ್ಣ ಹಚ್ಚಿ, ಸಾಲಾಗಿ ನನ್ನ ಮೇಜಿನ ಮೇಲೆ ತಂದಿಟ್ಟರು.

ರಜನಿ ಎಂದು ಒಬ್ಬಳಿದ್ದಾಳೆ, ಬಹಳ ಚುರುಕು. ಅವಳನ್ನು ಕರೆದು ಸಮುದ್ರ ಎಲ್ಲಿದೆ ತೋರಿಸು ಎಂದೆ. ಕಿಟಕಿಯ ಕಡೆ ಕೈ ತೋರಿಸಿದಳು. ಮತ್ತೆ ಇಲ್ಲಿ ಯಾಕೆ ಹೀಗೆ ಬರೆದೆ ಎಂದೆ. 'ನೀವೇ ಬರ್ದದ್ದಲ್ವಾ ಟೀಚರ್' ಎಂದಳು. ಅವಳ ಕಣ್ಣಲ್ಲಿ ಆಗಲೇ ನೀರು, ತಾನೇ ಏನೋ ತಪ್ಪು ಮಾಡಿದೆ ಎಂದು.

ನಾನು ಸ್ಟಾಫ್ ರೂಮಿಗೆ ಹೋಗಿ ಅತ್ತೆ. ಇಪ್ಪತ್ತೆಂಟು ವರ್ಷದಿಂದ ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಇನ್ಸ್‌ಪೆಕ್ಟರುಗಳು ಹೊಗಳುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ವರದಿ ಹಾಗೆಯೇ ಇರಲಿ.

ಈಗ ಭಾನುವಾರ ಭಾನುವಾರ ಲಿಯೋನ್‌ಗೆ ಫೋನು ಮಾಡಿ ಬೇಕೆಂದೇ ಏನಾದರೂ ತಪ್ಪು ಹೇಳುತ್ತೇನೆ. ಮೊದಲ ವಾರ ಅವನ ಅಪ್ಪನ ಪುಣ್ಯತಿಥಿಯನ್ನೇ ತಪ್ಪಾಗಿ ಹೇಳಿದೆ. ಅವನು 'ಹೌದಾ ಮಮ್ಮಿ' ಎಂದ. ಫೋನಿಟ್ಟು ಮತ್ತೆ ಅತ್ತೆ. ಏಳನೇ ವಾರ ಅವನಿಗೆ, 'ನೀನು ಹುಟ್ಟಿದ್ದು ಮಣಿಪಾಲದಲ್ಲಿ' ಎಂದೆ. ಆಗ ಆ ಕಡೆಯಿಂದ ಸಣ್ಣಗೆ ಕೇಳಿತು, 'ಅಲ್ಲ ಮಮ್ಮಿ, ಉಡುಪಿಯಲ್ಲಿ.' ನಾನು 'ಮಣಿಪಾಲವೇ, ಹೆತ್ತವಳಿಗೆ ಗೊತ್ತಿಲ್ಲವೇ' ಎಂದು ಜಬರಿಸಿದೆ. ಅವನು ಬಿಡಲಿಲ್ಲ. 'ಉಡುಪಿ ಮಮ್ಮಿ' ಎಂದ.

ಮಗ ಎದುರಾಡಿದ್ದಕ್ಕೆ ಮೇಣದಬತ್ತಿ ಹಚ್ಚಿದ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಎಮಿಲ್ಡಾ


ಹೌನ್ಸ್ಲೋ
27 ನವೆಂಬರ್ 1997

ಪ್ರೀತಿಯ ಅಕ್ಕ,

ಫೋನಿನಲ್ಲಿ ನೀನು ಅತ್ತದ್ದರಿಂದ ಏನೂ ಹೇಳಲಾಗಲಿಲ್ಲ. ಪೂರ್ತಿ ಕೇಳು.

ಪರೀಕ್ಷೆ ಮಾಡಿದವಳು ನನಗೆ ಪರಿಚಯವೇ ಇಲ್ಲದ ಒಬ್ಬ ಹಿರಿಯ ಕ್ಯಾಪ್ಟನ್, ಯಾರ್ಕ್‌ಷೈರಿನ ಹೆಂಗಸು. ಮಾತು ಕಡಿಮೆ, ನೋಟ ನಿನ್ನದೇ. ಅಂದು ಬೆಳಿಗ್ಗೆ ಲಿಯೋನ್ ಬೆಸಾಂವ್ ಕೇಳಲು ಬಂದಾಗ ನಾನು ಕೊಡಲಿಲ್ಲ, ಅಂದು ಅವನು ತಲೆ ಬಗ್ಗಿಸಿ ಹೋಗುವುದು ಬೇಡವೆಂದು. 'ಪರೀಕ್ಷೆ ಮುಗಿಸಿ ಬಾ, ಆಮೇಲೆ' ಎಂದೆ. ಹುಡುಗ ಮುಖ ಬಾಡಿಸಿಕೊಂಡು ಹೋದ.

ಸಿಮ್ಯುಲೇಟರಿನ ಮೋಡದೊಳಗೆ ಅವಳು ಬೇಕೆಂದೇ ತಪ್ಪು ದಾರಿ ಹಿಡಿದಳಂತೆ. ಇವನು ಕೇಳಿದ. ಅವಳು ಕೇಳಿಸದವಳಂತೆ ಕೂತಳು. ಇವನು ಗಟ್ಟಿಯಾಗಿ ಹೇಳಿದ. ಅವಳು ಕೈ ಬೀಸಿ ಸುಮ್ಮನಿರಿಸಿದಳು. ಆಗ ನಿನ್ನ ಮೆದು ಮಗು ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡಿತು. ಹೊರಗೆ ಬಂದು ಶೌಚಾಲಯಕ್ಕೆ ಓಡಿ ವಾಂತಿ ಮಾಡಿದನಂತೆ. ಅವಳು ವರದಿಯಲ್ಲಿ ವಾಂತಿಯ ವಿಷಯ ಬರೆದಿಲ್ಲ, 'ಸಿದ್ಧ' ಎಂದು ಬರೆದಿದ್ದಾಳೆ.

ಬಾಯಿಯ ಪರೀಕ್ಷೆಯನ್ನು ಮುಂದಿನ ವರ್ಷದಿಂದ ನಮ್ಮ ಕಂಪನಿಯ ಎಲ್ಲ ಪೈಲಟ್‌ಗಳಿಗೂ ಕಡ್ಡಾಯ ಮಾಡಿದ್ದಾರೆ, ಹಳೆಯ ಕ್ಯಾಪ್ಟನ್‌ಗಳೂ ಸೇರಿ. ಕಾರಿಡಾರಿನಲ್ಲಿ ಇಬ್ಬರು ನನಗೆ ಗುಡ್ ಮಾರ್ನಿಂಗ್ ಹೇಳುವುದನ್ನು ಬಿಟ್ಟಿದ್ದಾರೆ.

ಪೂಜೆಗೆ ಫಾದರಿಗೆ ಹೇಳು. ಕ್ಲೈವ್‌ನ ತಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸು.

ಕ್ಯಾಜಿಟನ್


ಕಲ್ಯಾಣಪುರ
24 ಆಗಸ್ಟ್ 2004

ಪ್ರೀತಿಯ ಕ್ಯಾಜಿಟನ್,

ಜುಲೈಯಿಂದ ನಿನ್ನ ಪತ್ರವಿಲ್ಲ. ಇಮೇಲ್ ಬಂದ ಮೇಲೂ ನನಗಾಗಿ ಕಾಗದದಲ್ಲಿ ಬರೆಯುವವನು ನೀನು, ಅದಕ್ಕೇ ಕೇಳುತ್ತಿದ್ದೇನೆ.

ಭಾನುವಾರ ಲಿಯೋನ್ ಫೋನು ಮಾಡಿದ. ಮಾಮ್ ಹೇಗಿದ್ದಾರೆ ಎಂದೆ. ಅತ್ತುಬಿಟ್ಟ. ಮೂವತ್ತು ದಾಟಿದ ಗಂಡಸು, ಏಳು ವರ್ಷದಿಂದ ವಿಮಾನ ಹಾರಿಸುವವನು. ಏನಾಯಿತು ಎಂದರೆ 'ಮಾಮ್ ಹೇಳ್ತಾರೆ ಮಮ್ಮಿ, ನಾನು ಹೇಳಿದ್ರೆ ಸರಿ ಆಗುದಿಲ್ಲ' ಎಂದು ಇಟ್ಟುಬಿಟ್ಟ. ನೀವಿಬ್ಬರು ಜಗಳವಾಡಿದ್ದೀರಾ? ಅವನು ನಿನಗೆ ಏನಾದರೂ ಅಂದನೇ? ಅಂದಿದ್ದರೆ ನನ್ನ ಮುಖ ನೋಡಿ ಕ್ಷಮಿಸು. ಎದುರಾಡಲು ಕಲಿಸಿದವಳು ನಾನೇ ಅಲ್ಲವೇ.

ಎಮಿಲ್ಡಾ


ಹೌನ್ಸ್ಲೋ
12 ಸೆಪ್ಟೆಂಬರ್ 2004

ಪ್ರೀತಿಯ ಅಕ್ಕ,

ಹಿತ್ತಲಿನ ಸೇಬಿನ ಗಿಡ ಈ ವರ್ಷ ಚೆನ್ನಾಗಿ ಬಿಟ್ಟಿದೆ. ಜೋಯ್ಲಿನ್ ನೆರೆಯವರಿಗೆಲ್ಲ ಹಂಚುತ್ತಿದ್ದಾಳೆ.

ಜಗಳವಾಯಿತು. ಹೇಳುತ್ತೇನೆ.

ಜುಲೈಯಲ್ಲಿ ಅಥೆನ್ಸಿನಿಂದ ಬರುವಾಗ ನಾನು ಎಡಗಡೆ, ಲಿಯೋನ್ ಬಲಗಡೆ. ಹಿಂದೆ ನೂರಾರು ಜನ. ಲಂಡನ್ ಹತ್ತಿರ ಬಂದಾಗ ಆರು ಸಾವಿರ ಅಡಿಗೆ ಇಳಿಯಿರಿ ಎಂದರು. ನಾನು ಐದು ಸಾವಿರ ಇಟ್ಟೆ. ಅವನು ಕೇಳಿದ, 'ಆರು ಅಲ್ಲವೇ ಕ್ಯಾಪ್ಟನ್.' ನಾನು ಐದೇ ಎಂದೆ. ಅವನು ಹೇಳಿದ, 'ತಪ್ಪು, ಆರು.' ನಾನು ಮತ್ತೆ ಐದೇ ಎಂದೆನಂತೆ. ಅವನು ಕೈ ಚಾಚಿ ಸರಿಪಡಿಸಿ, ಉಳಿದ ದಾರಿಯನ್ನು ತಾನೇ ಹಾರಿಸಿ ಇಳಿಸಿದ. ನನಗೆ ಇಳಿದದ್ದು ನೆನಪಿದೆ. ನಡುವಿನದು ನೆನಪಿಲ್ಲ.

ಮರುದಿನ ಬೆಳಿಗ್ಗೆ ಮನೆಗೆ ಬಂದ. ನಾನು ಸಮವಸ್ತ್ರ ಹಾಕಿ ಹೊರಟಿದ್ದೆ. ಅಡಿಗೆಮನೆಯಲ್ಲಿ ನಿಂತು ಕೇಳಿದ, 'ನಿನ್ನೆ ನೀವು ನನ್ನನ್ನು ಪರೀಕ್ಷೆ ಮಾಡಿದ್ದಾ ಮಾಮ್?' ಅವನ ಮುಖದಲ್ಲಿ ಎಂಥ ಆಸೆಯಿತ್ತು ಗೊತ್ತೇ, ಹೌದು ಎನ್ನಲಿ ಎಂದು. ನಾನು ಹೌದು ಎಂದೆ. ಅಕ್ಕ, ಅದು ಸುಳ್ಳು. ಕೆಲವು ತಿಂಗಳಿಂದ ಹೀಗಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಜೋಯ್ಲಿನ್‌ಗೂ ಹೇಳಿರಲಿಲ್ಲ.

ಅವನು ಹೇಳಿದ: 'ಜನ ಇರುವಾಗ ನೀವು ಯಾವತ್ತೂ ಪರೀಕ್ಷೆ ಮಾಡುದಿಲ್ಲ ಮಾಮ್. ನೀವೇ ಕಲಿಸಿದ್ದು. ಇವತ್ತು ನೀವು ಹಾರಿಸ್ಲಿಕ್ಕೆ ಹೋಗ್ಬಾರ್ದು. ಡಾಕ್ಟರ್ ಹತ್ರ ಹೋಗ್ಬೇಕು.'

ನಾನು ಕೂಗಾಡಿದೆ. ನನ್ನ ಮನೆಯಲ್ಲಿ ಉಂಡು, ನನ್ನಿಂದ ಕಲಿತು ಎಂದೆಲ್ಲ ಅಂದೆ, ನಿನಗೆ ಬರೆಯಲಾಗದ ಮಾತುಗಳನ್ನೂ ಅಂದೆ. ಅವನು ಜಾಗ ಬಿಟ್ಟು ಕದಲಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದ. ನಾನು ಅವನನ್ನು ದಾಟಿ ಬಾಗಿಲಿಗೆ ಹೋದೆ. ಆಗ ಮೇಜಿನ ಮೇಲಿದ್ದ ನನ್ನ ಕಾರಿನ ಕೀಯನ್ನು ಅವನು ಎತ್ತಿಕೊಂಡು ಜೇಬಿಗೆ ಹಾಕಿದ.

ಕೇಳು, ಹೇಳು, ಕೈಗೆ ತಗೋ. ಒಂದನ್ನೂ ಬಿಡಲಿಲ್ಲ.

ನಾನು ಕುರ್ಚಿಯ ಮೇಲೆ ಕೂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವನು ಅಳುತ್ತಾ ನನ್ನ ಮುಂದೆ ಮೊಣಕಾಲೂರಿ, ಕೈಮುಗಿದು 'ಬೆಸಾಂವ್ ದೀ ಮಾಮ್' ಎಂದ. ಕೊಟ್ಟೆ. ಬಹಳ ಹೊತ್ತು ಅವನ ತಲೆಯ ಮೇಲಿಂದ ಕೈ ತೆಗೆಯಲಾಗಲಿಲ್ಲ.

ಕಂಪನಿಗೆ ನಾನೇ ಫೋನು ಮಾಡಿ ತಿಳಿಸಿದೆ. ನಮ್ಮ ಮಾಮೂಲಿ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮರೆವಿನ ಕಾಯಿಲೆಯ ಆರಂಭ, ನಿಧಾನವಾಗಿ ಹೆಚ್ಚುತ್ತದೆ ಎಂದಿದ್ದಾರೆ. ಲೈಸೆನ್ಸ್ ಒಪ್ಪಿಸಿದೆ. ಮತ್ತೆ ಹಾರಿಸುವುದಿಲ್ಲ ಎಂಬುದು ರಾತ್ರಿ ಎದೆಗೆ ಒತ್ತುತ್ತದೆ. ಆದರೆ ಆ ದಿನ ಬಲಗಡೆ ಕೂತವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದರೆ ಎಂದು ನೆನೆದಾಗ ಇದು ಏನೂ ಅಲ್ಲ ಅನಿಸುತ್ತದೆ. ಅವನನ್ನು ಕ್ಷಮಿಸು ಎಂದು ಬರೆದಿದ್ದೀಯ. ಕ್ಷಮಿಸಲು ಅವನು ಮಾಡಿದ ತಪ್ಪಾದರೂ ಏನು? ನೀನೂ ನಾನೂ ಸೇರಿ ಒಬ್ಬ ಒಳ್ಳೆಯ ಪೈಲಟ್‌ನನ್ನು ತಯಾರು ಮಾಡಿದ್ದೇವೆ ಅಕ್ಕ. ಅವನಿಗೆ ಫೋನು ಮಾಡಿ ಇದನ್ನು ಹೇಳು.

ಇಲ್ಲಿ ಎಲ್ಲರೂ ಕ್ಷೇಮ. ಹಿತ್ತಲಿನ ಸೇಬಿನ ಗಿಡ ಈ ವರ್ಷ ಚೆನ್ನಾಗಿ ಬಿಟ್ಟಿದೆ. ಜೋಯ್ಲಿನ್ ನೆರೆಯವರಿಗೆಲ್ಲ ಹಂಚುತ್ತಿದ್ದಾಳೆ.

ಈ ಪತ್ರದಲ್ಲಿ ಒಂದೇ ಮಾತನ್ನು ಎರಡು ಸಲ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸ್ಸು ಕಳಿಸು. ಸಂಕೋಚ ಪಡಬೇಡ.

ನಿನ್ನ ತಮ್ಮ,
ಕ್ಯಾಜಿಟನ್